ಬೋರಲು ಹಾಕಿದ ಸೇರು

ಬಂಗಾರಪೇಟೆಯ ಸುತ್ತಿನ ಹಳ್ಳಿಗಳಲ್ಲಿ ಯಾವ ಬೆಳೆ ಕೈಕೊಟ್ಟರೂ ಅಧ್ಯಕ್ಷರ ಬೆಳೆ ಕೈಕೊಡುವುದಿಲ್ಲ. ಹಾಲಿನ ಸಂಘಕ್ಕೊಬ್ಬ ಅಧ್ಯಕ್ಷ, ಗುಡಿಯ ಜೀರ್ಣೋದ್ಧಾರಕ್ಕೊಬ್ಬ, ಆ ಜೀರ್ಣೋದ್ಧಾರ ಯಾಕೆ ಮುಗಿಯಲಿಲ್ಲವೆಂದು ವಿಚಾರಿಸುವ ಸಮಿತಿಗೆ ಮತ್ತೊಬ್ಬ. ಅನಸೂಯಮ್ಮನ ಗಂಡ ಶ್ರೀನಿವಾಸಪ್ಪ ಈ ಎಲ್ಲ ಕುರ್ಚಿಗಳಲ್ಲೂ ಕೂತು, ಎಲ್ಲದರಿಂದಲೂ ಎಬ್ಬಿಸಿಕೊಂಡು, ಕಡೆಗೆ ಆಂಡರ್ಸನ್‌ಪೇಟೆಯ ಪುಟ್ಟ ವಸ್ತು ಸಂಗ್ರಹಾಲಯದ ಅಭಿಮಾನಿ ಬಳಗಕ್ಕೆ ಅಧ್ಯಕ್ಷನಾದ. ಆ ಕುರ್ಚಿಯಿಂದ ಅವನನ್ನು ಎಬ್ಬಿಸುವವರು ಯಾರೂ ಇರಲಿಲ್ಲ. ಅದರಲ್ಲಿ ಕೂರಬೇಕೆಂದು ಬೇರೆ ಯಾರಿಗೂ ಅನ್ನಿಸಿರಲಿಲ್ಲ.

ಅನಸೂಯಮ್ಮನಿಗೆ ಇದರಿಂದ ತೊಂದರೆಯೇನೂ ಇರಲಿಲ್ಲ. ಗಂಡ ಮನೆಯಲ್ಲಿದ್ದ ದಿನ ಹಸುಗಳೂ ಕಡಿಮೆ ಹಾಲು ಕೊಡುತ್ತವೆ ಎಂಬುದು ಆಕೆಯ ಅನುಭವ. ಕಾಮಸಮುದ್ರದ ಕಡೆಯ ಕೂಲಿಯವರ ಮನೆಯಲ್ಲಿ ಹುಟ್ಟಿ, ಈ ಮನೆಗೆ ಸೊಸೆಯಾಗಿ ಬಂದು, ಹುಲ್ಲು ಕೊಯ್ದು, ಹಾಲು ಕರೆದು, ಡೈರಿಗೆ ಕ್ಯಾನು ಹೊತ್ತು, ರಾಗಿ ಬೆಳೆದು, ಮಗ ಸುಧಾಕರನನ್ನು ಓದಿಸಿ ಬಂಗಾರಪೇಟೆಯ ಒಂದು ವರ್ಕ್‌ಶಾಪಿನಲ್ಲಿ ಕೆಲಸಕ್ಕೆ ನಿಲ್ಲಿಸಿದ್ದೆಲ್ಲ ಆಕೆಯೇ. ಮಗ ಶಾಲೆಗೆ ಸೇರಿದ ಕಾಲದಲ್ಲಿ ತಾನೂ ಸಂಜೆಯ ತರಗತಿಗೆ ಹೋಗಿ ಅಕ್ಷರ ಕಲಿತಳು.

"ಈ ವಯಸ್ನಾಗೆ ಓದಿ ಯಾವ ಆಫೀಸ್‌ಗೆ ಓಗ್ತೀಯೆ?" ಎಂದು ಗಂಡ ಕೇಳಿದ್ದ.

"ನೀವು ಎಲ್ಲೆಲ್ಲಿ ಸೈನ್ ಆಕ್ತೀರೋ ಅದನ್ನ ಓದಾಕೆ" ಎಂದಿದ್ದಳು. ಅಲ್ಲಿಂದ ಮುಂದೆ ಶ್ರೀನಿವಾಸಪ್ಪ ಮನೆಗೆ ಕಾಗದ ತರುವುದನ್ನೇ ನಿಲ್ಲಿಸಿದ.

ಆ ಮನೆಯಲ್ಲಿ ಅನಸೂಯಮ್ಮ ತಲೆಬಾಗುತ್ತಿದ್ದದ್ದು ಒಂದೇ ವಸ್ತುವಿಗೆ. ಅದು ತೀರಿಕೊಂಡ ಅತ್ತೆ ಪಾಪಕ್ಕನ ಹಿತ್ತಾಳೆಯ ಸೇರು. ಆಂಡರ್ಸನ್‌ಪೇಟೆಯ ಕಡೆ ಚಿನ್ನದ ಗಣಿಗಳು ನಡೆಯುತ್ತಿದ್ದ ಕಾಲದಲ್ಲಿ ಪಾಪಕ್ಕ ರಾಗಿ, ಅವರೆಗಳ ಮೂಟೆ ಹೊತ್ತು ಬಂಗಾರಪೇಟೆಯಲ್ಲಿ ರೈಲು ಹತ್ತಿ, ನಂದಿದುರ್ಗವೆಂಬ ಗಣಿಯ ಕಾರ್ಮಿಕರ ಲೈನುಮನೆಗಳ ಮುಂದೆ ಅಳೆದು ಮಾರುತ್ತಿದ್ದಳು. ಸೇರು ತುಂಬಿದ ಮೇಲೆ ಬಾಯಿಯ ಮೇಲೆ ಅಂಗೈ ಎಳೆದು ಸಮ ಮಾಡುವುದು ವ್ಯಾಪಾರದ ಪದ್ಧತಿ. ಪಾಪಕ್ಕ ಎಳೆಯುತ್ತಿರಲಿಲ್ಲ; ಕಾಳು ತಾನಾಗಿ ಜಾರಿ ಬೀಳುವವರೆಗೂ ಗೋಪುರ ಕಟ್ಟುತ್ತಿದ್ದಳು. ವ್ಯಾಪಾರ ಮುಗಿಸಿ ಮನೆಗೆ ಬಂದಮೇಲೆ ಸೇರಿನ ತಳದಲ್ಲಿ ಒಂದು ಹಿಡಿ ಕಾಳು ಬಿಟ್ಟು, ಬಾಯಿ ಮೇಲಾಗಿ ರಾಗಿಯ ಡ್ರಮ್ಮಿನೊಳಗೆ ಇಡುತ್ತಿದ್ದಳು. ಸೇರಿನ ತಳ ಕಾಣಬಾರದು, ಸೇರು ಬೋರಲು ಬೀಳಬಾರದು. ಬೋರಲು ಬಿದ್ದರೆ ಆ ಮನೆಯಲ್ಲಿ ಅಳೆಯುವುದಕ್ಕೆ ಏನೂ ಉಳಿದಿಲ್ಲ ಎಂದು ಅರ್ಥ. ಪಾಪಕ್ಕ ಸೊಸೆಗೆ ಕಲಿಸಿದ ಶಾಸ್ತ್ರ ಇಷ್ಟೇ.

ಆ ಸೇರಿಗೆ ಇನ್ನೊಂದು ಕೆಲಸವಿತ್ತು. ಮನೆಗೆ ಬರುವ ಸೊಸೆ ಹೊಸ್ತಿಲ ಮೇಲೆ ಅಕ್ಕಿ ತುಂಬಿ ಬೆಲ್ಲದಚ್ಚು ಇಟ್ಟ ಸೇರನ್ನು ಬಲಗಾಲಿನಿಂದ ಒದ್ದು ಒಳಗೆ ಬರಬೇಕು. ಬೇರೆ ಮನೆಗಳಲ್ಲಿ ಸೇರು ಉರುಳಿ ನಿಲ್ಲುತ್ತದೆ. ಈ ಮನೆಯಲ್ಲಿ ಹೊಸ್ತಿಲಿಗೆ ನೇರವಾಗಿ ಪಡಸಾಲೆಯ ಕಲ್ಲುಕಂಬವಿದೆ. ಒದ್ದ ಸೇರು ಕಂಬಕ್ಕೆ ಬಡಿದು ಬಾಯಂಚಿನಲ್ಲಿ ಒಂದು ನಗ್ಗು ಬೀಳುತ್ತದೆ. ಪಾಪಕ್ಕನದೊಂದು ನಗ್ಗು. ಓರಗಿತ್ತಿ ಸುಕನ್ಯಳದು ಬೆರಳಿಟ್ಟು ಹುಡುಕಬೇಕಾದಂಥದ್ದು. ಆಕೆ ಬಂದಷ್ಟೇ ಮೆಲ್ಲಗೆ ಗಂಡನನ್ನು ಕರೆದುಕೊಂಡು ಬೇರೆ ಹೋದಳು. ಅನಸೂಯಮ್ಮನದು ಎಲ್ಲಕ್ಕಿಂತ ಆಳ. ಅಂದು ಪಾಪಕ್ಕ ಸೇರನ್ನೆತ್ತಿ ಆ ನಗ್ಗಿನಲ್ಲಿ ಹೆಬ್ಬೆರಳಾಡಿಸಿ, ನೆಂಟರೆದುರಿಗೇ ಹೇಳಿದ್ದಳು: "ಕಾಲ್ನಾಗೆ ಕಸುವೈತೆ. ನನ್ನ ಮಗನ್ನ ಇವ್ಳು ಸಾಕ್ತಾಳೆ ಬಿಡು."

ಹಾಗೇ ಆಯಿತು.

ಸುಧಾಕರನಿಗೆ ಹೆಣ್ಣು ಗೊತ್ತಾಯಿತು. ಆಂಡರ್ಸನ್‌ಪೇಟೆಯ ದಿನಸಿ ಅಂಗಡಿಯವರ ಮಗಳು ಲಿಖಿತ. ಅನಸೂಯಮ್ಮ ತವರಿಗೆ ಹೋಗಿ ಅಣ್ಣತಮ್ಮಂದಿರನ್ನೆಲ್ಲ ಮದುವೆಗೆ ಕರೆದು ಹಿಂತಿರುಗಿದ ದಿನ ಮುದ್ದೆಗೆ ಹಿಟ್ಟು ಬೀಸಿಸಲೆಂದು ರಾಗಿಯ ಡ್ರಮ್ಮಿಗೆ ಕೈ ಹಾಕಿದಳು. ಕೈಗೆ ಸಿಕ್ಕಿದ್ದು ಗುಲಾಬಿ ಬಣ್ಣದ ಪ್ಲಾಸ್ಟಿಕ್ ಮಗ್ಗು.

"ಸೇರೆಲ್ಲಿ?"

ಶ್ರೀನಿವಾಸಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. "ಭದ್ರವಾಗೈತೆ."

"ಎಲ್ಲಿ ಅಂತ ಕೇಳಿದ್ದು."

"ಗಾಜಿನ ಪೆಟ್ಟಿಗೇಲಿ. ಅದು ಇನ್ಮೇಲೆ ನಮ್ದಲ್ಲ ಕಣೆ, ಇತಿಹಾಸದ್ದು. ದಾನಿಗಳ ಬೋರ್ಡ್ನಾಗೆ ಮೊದಲ್ನೇ ಹೆಸರೇ ನಂದು, ಗೊತ್ತಾ."

"ಸಾಮಾನು ನಿಮ್ಮಮ್ಮಂದು. ಹೆಸ್ರು ನಿಮ್ದು."

"ಅಮ್ಮಂದು ಅಂದ್ರೆ ಮಗಂದೇ ಅಲ್ವಾ? ಮಗ್ಗು ತಂದಿಟ್ಟಿದೀನಲ್ಲ. ಅಳ್ತೆ ನೋಡೇ ತಂದಿದ್ದು, ಸರಿಯಾಗಿ ಒಂದು ಸೇರು ಇಡಿತೈತೆ."

"ನಾಳೆ ಸೊಸೆ ಬಂದು ಆ ಮಗ್ಗನ್ನ ಒದೀಬೇಕಾ?"

ಶ್ರೀನಿವಾಸಪ್ಪ ಸ್ವಲ್ಪ ಯೋಚಿಸಿದ. "ಒದೀಲಿ. ಅಗುರವಾಗೈತೆ, ಕಾಲು ನೋಯಲ್ಲ."

ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಗಾದೆ ಕಟ್ಟಿದವರು ಇವನನ್ನು ನೋಡಿರಲಾರರು. ನೋಡಿದ್ದರೆ ಗಾದೆಯ ಮೊದಲ ಅರ್ಧವನ್ನು ಕೈಬಿಟ್ಟಿರುತ್ತಿದ್ದರು. ಅನಸೂಯಮ್ಮ ಮಗ್ಗನ್ನು ತೆಗೆದು ಕೊಟ್ಟಿಗೆಗೆ ಎಸೆದಳು. ತಾನು ಒದ್ದು ಬಂದ ಸೇರನ್ನೇ ಒದ್ದು ತನ್ನ ಸೊಸೆ ಒಳಗೆ ಬರಬೇಕು, ಇಲ್ಲವಾದರೆ ಹೊಸ್ತಿಲ ಮೇಲೆ ಏನನ್ನೂ ಇಡುವುದಿಲ್ಲ ಎಂದು ಆಗಲೇ ನಿಶ್ಚಯಿಸಿದಳು.

ಮಾರನೆಯ ದಿನ ಹಾಲು ಹಾಕಿ ಬಂದು, ಬಸ್ಸು ಹತ್ತಿ ಆಂಡರ್ಸನ್‌ಪೇಟೆಗೆ ಹೋದಳು. ಸಂಗ್ರಹಾಲಯವೆಂದರೆ ಮುಚ್ಚಿಹೋದ ಒಂದು ಹಳೆಯ ಶಾಲೆಯ ಎರಡು ಕೋಣೆ. ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕುಪ್ಪುಸ್ವಾಮಿ ಕೂತಿದ್ದ. ನಂದಿದುರ್ಗದ ಗಣಿಯಲ್ಲಿ ಕೆಲಸ ಮಾಡಿದ ಮುದುಕ. ತನ್ನ ಹೆಲ್ಮೆಟ್ಟನ್ನು ಇಲ್ಲಿಗೆ ಕೊಟ್ಟು, ಅದನ್ನು ಬಿಟ್ಟಿರಲಾರದೆ ಬೀಗದ ಕೈ ನೋಡಿಕೊಳ್ಳುವ ಕೆಲಸಕ್ಕೆ ತಾನೂ ಬಂದಿದ್ದ.

"ಬಾಕ್ಕಾ, ಬಾ. ಎಲ್ಮೆಟ್ಟು ಒಳಗೆ ನೆರಳಲ್ಲಿ ಆರಾಮಾಗೈತೆ. ತಲೆ ಮಾತ್ರ ಈಚೆ ಬಿಸ್ಲಲ್ಲಿ" ಎಂದ.

ಒಳಗೆ ಅನಸೂಯಮ್ಮ ಒಂದೊಂದನ್ನೂ ನಿಂತು ನೋಡಿದಳು. ದೊರೆಗಳು ಚೆಂಡು ಹೊಡೆದ ಕೋಲು. ದೊರೆಗಳು ಕೂತ ಬೆತ್ತದ ಕುರ್ಚಿ. ದೊರೆಗಳು ಕುಡಿದ ಗ್ಲಾಸು. ದೊರೆಸಾನಿಯ ಛತ್ರಿ. ಸತ್ತ ಚಿರತೆಯ ಮೇಲೆ ಕಾಲಿಟ್ಟು ನಿಂತ ದೊರೆಯ ಫೋಟೊ. ಯಾವುದೋ ದೊರೆಯ ನಾಯಿಗೆ ಅನ್ನ ಹಾಕುತ್ತಿದ್ದ ಪಿಂಗಾಣಿಯ ಬಟ್ಟಲು, ಅದಕ್ಕೊಂದು ಎತ್ತರದ ಪೀಠ. ನೆಲದಡಿಗೆ ಇಳಿದು ಚಿನ್ನ ತೆಗೆದವರ ಪಾಲಿಗೆ ಒಂದು ಹೆಲ್ಮೆಟ್ಟು. ಅವರಿಗೆ ರಾಗಿ ಅಳೆದವರ ಪಾಲಿಗೆ, ಮೂಲೆಯ ಗಾಜಿನ ಪೆಟ್ಟಿಗೆಯಲ್ಲಿ, ನಾಯಿಯ ಬಟ್ಟಲಿಗಿಂತ ತಗ್ಗಿನಲ್ಲಿ, ಪಾಪಕ್ಕನ ಸೇರು.

ಅದನ್ನು ಉಜ್ಜಿ ಫಳಫಳಿಸುವಂತೆ ಮಾಡಿದ್ದರು. ಕಾಳು ಚೆಲ್ಲಿ ಬರಿದು ಮಾಡಿದ್ದರು. ಕೆಂಪು ಮಖಮಲ್ಲಿನ ಮೇಲೆ ಬೋರಲು ಹಾಕಿದ್ದರು.

ಪಕ್ಕದಲ್ಲಿ ಒಂದು ಚೀಟಿ. ಅನಸೂಯಮ್ಮ ಅದನ್ನು ಮೆಲ್ಲಗೆ, ಪೂರ್ತಿಯಾಗಿ ಓದಿದಳು. "ಧಾನ್ಯದ ಅಳತೆಪಾತ್ರೆ. ದಾನಿ: ಮಾನ್ಯ ಅಧ್ಯಕ್ಷ ಶ್ರೀ ಶ್ರೀನಿವಾಸಪ್ಪನವರು. ಸ್ಥಿತಿ: ಅಂಚು ನಗ್ಗಿದೆ, ದುರಸ್ತಿ ಆಗಬೇಕು."

ಅಷ್ಟರಲ್ಲಿ ಸಂಗ್ರಹಾಲಯ ನಡೆಸುವ ಚಲಪತಿ ಬಂದ. ಯಾವುದೋ ಕಚೇರಿಯಲ್ಲಿ ಫೈಲುಗಳಿಗೆ ನಂಬರು ಹಾಕಿ ನಿವೃತ್ತನಾದವನು. ನಂಬರು ಹಾಕುವ ಚಾಳಿ ಹೋಗದೆ ಈಗ ಊರಿನ ವಸ್ತುಗಳನ್ನು ಹುಡುಕಿ ಅವಕ್ಕೆ ಹಾಕುತ್ತಿದ್ದ. ಇತಿಹಾಸವೆಂದರೆ ದೊರೆಗಳು ಮರೆತು ಬಿಟ್ಟುಹೋದ ಸಾಮಾನು ಎಂದು ನಂಬಿದ್ದ. ಎದುರಿಗೆ ಒಬ್ಬರೇ ಇದ್ದರೂ ಸಭೆಗೆ ಮಾತಾಡಿದಂತೆ ಮಾತಾಡುತ್ತಿದ್ದ.

"ಅಧ್ಯಕ್ಷರ ಶ್ರೀಮತಿಯವರು ದಯಮಾಡಿಸಿದ್ದು ಸಂತೋಷ."

"ಇದನ್ನ ಯಾಕೆ ಬೋರಲಾಕಿದ್ದೀರಿ?"

"ತಳದಲ್ಲಿ ಮುದ್ರೆಯಿದೆ ತಾಯಿ. ಅದು ಪ್ರೇಕ್ಷಕರಿಗೆ ಕಾಣಬೇಕು. ಆ ಮುದ್ರೆಯೇ ಇತಿಹಾಸ."

"ಅಳೆಯೋದು ಬಾಯಿಂದ."

"ಬಾಯಿಗೆ ಚಾರಿತ್ರಿಕ ಮಹತ್ವ ಇರುವುದಿಲ್ಲ."

"ಅದು ನಿಮ್ಮ ಮಾತು ಕೇಳಿದ್ರೆ ಗೊತ್ತಾಗ್ತೈತೆ" ಎಂದು ಅನಸೂಯಮ್ಮ ವಿಷಯಕ್ಕೆ ಬಂದಳು. "ಮಗನ ಮದ್ವೆ ಐತೆ. ಸೊಸೆ ಒದ್ದು ಒಳಗೆ ಬರೋಕೆ ಇದು ಬೇಕು. ಕೊಡಿ."

ಚಲಪತಿಯ ಮುಖದಲ್ಲಿ ಕನಿಕರ ಮೂಡಿತು. "ಒಮ್ಮೆ ಸಂಖ್ಯೆ ಬಿದ್ದ ವಸ್ತು ಈ ಹೊಸ್ತಿಲು ದಾಟುವಂತಿಲ್ಲ. ಅಧ್ಯಕ್ಷರು ಸಭೆ ಕರೆದು ನಿರ್ಣಯ ಮಾಡಿದರೆ ಬೇರೆ ಮಾತು. ಅಲ್ಲದೆ, ಪುರಾತನ ವಸ್ತುವನ್ನು ಒದೆಯುವುದು ಎಂದರೇನು? ಈಗಲೇ ಅಂಚೆಲ್ಲ ಹಾಳಾಗಿದೆ. ಚಿಂತಿಸಬೇಡಿ, ಪಾತ್ರೆ ರಿಪೇರಿಯವನಿಗೆ ಹೇಳಿದ್ದೇನೆ. ತಟ್ಟಿ ನುಣ್ಣಗೆ ಮಾಡಿಕೊಡುತ್ತಾನೆ. ಹೊಸದರಂತೆ ಆಗುತ್ತದೆ."

ಆ ನಗ್ಗುಗಳು ಏನೆಂದು ಅನಸೂಯಮ್ಮ ಒಂದು ಮಾತು ಹೇಳಿದ್ದರೆ ಸುತ್ತಿಗೆ ಅಲ್ಲಿಗೇ ನಿಲ್ಲುತ್ತಿತ್ತೋ ಏನೋ. ಆಕೆ ಹೇಳಲಿಲ್ಲ. ನಾಯಿಯ ಬಟ್ಟಲಿಗೆ ಪೀಠ ಕಟ್ಟಿಸಿದ ಮನುಷ್ಯನ ಮುಂದೆ ನಿಂತು ಪಾಪಕ್ಕ ಯಾರು, ತಾನು ಯಾರು ಎಂದು ವಿವರಿಸುವುದು ಆಕೆಗೆ ಹೇಸಿಗೆಯೆನಿಸಿತು. ಬಾಯಿ ಬಿಗಿದು ಹೊರಗೆ ಬಂದಳು. ಬಂದಮೇಲೆ, ಹೇಳದೆ ಬಂದದ್ದಕ್ಕೆ ತನ್ನ ಮೇಲೂ ಅಷ್ಟೇ ಸಿಟ್ಟು ಬಂತು.

ಬಾಗಿಲಲ್ಲಿ ಕುಪ್ಪುಸ್ವಾಮಿ ತಡೆದ. "ಪಾಪಕ್ಕನ ಸೊಸೇನಾ ನೀನು? ನಮ್ಮ ಲೈನಿನ ಕೆಳವಿಯರು, ಮುದುಕೀರು, ಬತ್ತಾರಕ್ಕಾ ಇಲ್ಲಿಗೆ. ದೊರೆ ಕುರ್ಚಿ, ದೊರೆ ಕೋಲು ಏನೂ ನೋಡಲ್ಲ. ನೆಟ್ಟಗೆ ಓಗಿ ಆ ಸೇರಿನ ಮುಂದೆ ನಿಲ್ತಾರೆ. 'ನಮ್ಮ ಪಡಿಯಕ್ಕ' ಅಂತಾರೆ, ಸೇರಿಗೆ ನಾವು ಪಡಿ ಅನ್ನೋದು. ಕೈ ಎಳೀದೆ ಅಳೆದೋಳು ಅವ್ಳೊಬ್ಳೇ ಅಂತಾರೆ. ಎಷ್ಟೊತ್ತಾದ್ರೂ ಅಲ್ಲಿಂದ ಕದಲಲ್ಲ."

ಅನಸೂಯಮ್ಮ ಇದನ್ನು ನಿರೀಕ್ಷಿಸಿರಲಿಲ್ಲ. ಚಲಪತಿಗೆ ಹೇಳದ್ದನ್ನು ಈ ಮುದುಕನಿಗೆ ಹೇಳಿದಳು: ಯಾವ ನಗ್ಗು ಯಾರದು, ಎಲ್ಲಿಂದ ಬಂತು, ಸುತ್ತಿಗೆ ಬಿದ್ದರೆ ಏನು ಹೋಗುತ್ತದೆ.

ಕುಪ್ಪುಸ್ವಾಮಿ ತಲೆ ಕೆರೆದುಕೊಂಡ. "ರಿಪೇರಿಯೋನು ಬಂದ್ರೆ ಪೆಟ್ಟಿಗೆ ತೆಗೆಯೋಕಾಗಲ್ಲಕ್ಕಾ. ಬೀಗದ ಕೈ ಕಳ್ದೋಗೈತೆ."

"ಯಾವಾಗ?"

"ಅವ್ನು ಬಂದಾಗ."

ಶ್ರೀನಿವಾಸಪ್ಪ ಸಭೆ ಕರೆಯಲಿಲ್ಲ. "ಮೊದಲ್ನೇ ದಾನೀನೇ ಕೊಟ್ಟಿದ್ದನ್ನ ವಾಪಸ್ ಕೇಳಿದ್ರೆ ನನ್ನ ಮರ್ವಾದೆ ಏನಾಗ್ತೈತೆ?" ಎಂದ. "ಇದ್ರಲ್ವಾ, ಏನಾದ್ರೂ ಆಗೋಕೆ" ಎಂದು ಅನಸೂಯಮ್ಮ ಆ ಮಾತನ್ನು ಅಲ್ಲಿಗೆ ಬಿಟ್ಟಳು. ಮತ್ತೆ ಕೇಳಲಿಲ್ಲ. ಗಂಡ ಇದನ್ನು ತನ್ನ ಗೆಲುವೆಂದುಕೊಂಡು, ಲಗ್ನಪತ್ರಿಕೆಯಲ್ಲಿ ತನ್ನ ಹೆಸರಿನ ಕೆಳಗೆ ಅಧ್ಯಕ್ಷ ಪದವಿಯನ್ನು ಅಚ್ಚು ಹಾಕಿಸಿದ. ಅತ್ತ ರಿಪೇರಿಯವನು ಬಂದು, ಬೀಗದ ಕೈ ಸಿಗದೆ ವಾಪಸಾದ. ಇನ್ನೊಮ್ಮೆ ಬಂದು ಇನ್ನೊಮ್ಮೆ ವಾಪಸಾದ. ಮದುವೆಯ ಮಾರನೆಯ ದಿನ ಬೀಗ ಒಡೆಸಿಯೇ ಕೆಲಸ ಮಾಡಿಸುವುದೆಂದು ಚಲಪತಿ ಗೊತ್ತುಮಾಡಿದ. ಈ ಸುದ್ದಿಯನ್ನು ಕುಪ್ಪುಸ್ವಾಮಿ ಫೋನಿನಲ್ಲಿ ತಿಳಿಸಿದ.

ಮದುವೆ ಆಂಡರ್ಸನ್‌ಪೇಟೆಯ ಛತ್ರದಲ್ಲಿ ನಡೆಯಿತು. ಧಾರೆಯಾಯಿತು, ಊಟವಾಯಿತು, ಹೆಣ್ಣೊಪ್ಪಿಸುವ ಶಾಸ್ತ್ರವೂ ಆಯಿತು. ಮದುಮಕ್ಕಳೂ ನೆಂಟರೂ ವ್ಯಾನು ಹತ್ತಿ ಕೂತಮೇಲೆ ಅನಸೂಯಮ್ಮ ಡ್ರೈವರಿಗೆ, "ಮ್ಯೂಸಿಯಂ ಕಡೆ ತಿರುಗ್ಸಪ್ಪಾ" ಎಂದಳು.

"ಅಲ್ಲೇನಮ್ಮ?" ಎಂದ ಸುಧಾಕರ.

"ಮನೆ ಸಾಮಾನು ಒಂದು ಉಳ್ಕೊಂಡೈತೆ."

ಸಂಗ್ರಹಾಲಯದ ಬಾಗಿಲಲ್ಲಿ ಕುಪ್ಪುಸ್ವಾಮಿ ಮದುವೆಯ ಊಟ ಮುಗಿಸಿ ಬಂದು ಕೂತಿದ್ದ. ವ್ಯಾನು ಕಂಡ ಕೂಡಲೇ ಸೊಂಟದಿಂದ ಬೀಗದ ಕೈ ತೆಗೆದ. "ಸಿಕ್ತಕ್ಕಾ. ಪಾಯಸ ಕುಡ್ದೆ ನೋಡು, ಗ್ಯಾಪ್ಕ ಬಂತು."

ಅನಸೂಯಮ್ಮ ಒಳಗೆ ಹೋಗಲಿಲ್ಲ. "ಅವ್ರಿಬ್ರೂ ಬರ್ಲಿ" ಎಂದು, ಇನ್ನೂ ಛತ್ರದಲ್ಲಿದ್ದ ಗಂಡನಿಗೂ ಚಲಪತಿಗೂ ಫೋನು ಮಾಡಿಸಿದಳು. ಯಾರೂ ಇಲ್ಲದಾಗ ಎತ್ತಿಕೊಂಡು ಹೋಗುವ ಕಲೆ ಆ ಮನೆಯಲ್ಲಿ ಒಬ್ಬನಿಗೆ ಮಾತ್ರ ಬರುತ್ತಿತ್ತು, ಅವನಿಂದ ಅದನ್ನು ಕಲಿಯುವ ಇಚ್ಛೆ ಆಕೆಗಿರಲಿಲ್ಲ. ಸ್ವಲ್ಪ ಹೊತ್ತಿಗೆ ಚಲಪತಿ ಸ್ಕೂಟರಿನಲ್ಲಿ ಬಂದ. ಹಿಂದಿನ ಸೀಟಿನಲ್ಲಿ, ಹೆಗಲ ಮೇಲೆ ಜರಿ ವಲ್ಲಿ ಹಾಕಿಕೊಂಡು, ಬಾಯಿ ತುಂಬ ಎಲೆಅಡಿಕೆ ಇಟ್ಟುಕೊಂಡು ಅಧ್ಯಕ್ಷ.

ವಿಷಯ ತಿಳಿದ ಚಲಪತಿ ಒಂದು ಉಪಾಯ ಕಂಡುಹಿಡಿದ. "ಸರಿ, ಶಾಸ್ತ್ರಕ್ಕೆ ಅಡ್ಡಿ ಬೇಡ. ಸೇರನ್ನು ಇದೇ ಬಾಗಿಲಲ್ಲಿ ಇಡೋಣ. ಮದುಮಗಳು ಇಲ್ಲಿಯೇ ಮೃದುವಾಗಿ ಪಾದ ಸ್ಪರ್ಶ ಮಾಡಲಿ. ವಸ್ತುವೂ ಹೊರಗೆ ಹೋಗಲಿಲ್ಲ, ಶಾಸ್ತ್ರವೂ ಆಯಿತು."

ನೆಂಟರಲ್ಲಿ ಕೆಲವರು ತಲೆದೂಗಿದರು, ಬಿಸಿಲು ಜೋರಾಗಿತ್ತು. ಅನಸೂಯಮ್ಮ ಚಲಪತಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಸೇರು ಎಲ್ಲಿ ಒದೀತಾಳೋ ಅದು ಅವಳ ಅತ್ತೆಮನೆ. ಇಲ್ಲಿ ಒದ್ದ ಮೇಲೆ ಈ ದೊರೆ ಕುರ್ಚಿ, ಈ ನಾಯಿ ತಟ್ಟೆ, ಇದೆಲ್ಲ ಅವಳ ಸಂಸಾರ. ಸಾಕೋಕೆ ನೀವು ತಯಾರಾ?"

ಶ್ರೀನಿವಾಸಪ್ಪನ ತಂಗಿ ಇಂದ್ರಾಣಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. "ಅತ್ತಿಗೆ, ಮಾವ ಅನ್ಕೊಂಡು ಆ ಚಿರತೆ ದೊರೆಗೆ ಕಾಫಿ ಕೊಡ್ಬೇಕಾಗ್ತೈತೆ ಉಡುಗಿ."

ವ್ಯಾನಿನ ಕಿಟಕಿಯಿಂದ ಲಿಖಿತ ತಲೆ ಹೊರಗೆ ಹಾಕಿದಳು. "ಸಾರ್, ನಾನು ಗೌರ್ಮೆಂಟ್ ಸ್ಕೂಲಲ್ಲಿ ಓದಿದ್ದು ಸಾಕು. ಸಂಸಾರಾನೂ ಸ್ಕೂಲ್ ಬಿಲ್ಡಿಂಗಲ್ಲೇ ಮಾಡಲ್ಲ."

ಎಲ್ಲರೂ ನಕ್ಕರು. ಈ ಹುಡುಗಿ ಪರವಾಗಿಲ್ಲ ಎಂದು ಅನಸೂಯಮ್ಮನಿಗೆ ಅನ್ನಿಸಿತು. ಆದರೆ ಅದನ್ನು ಮುಖದ ಮೇಲೆ ತೋರಿಸಲಿಲ್ಲ. ಗಂಡನ ಕಡೆಗೆ ತಿರುಗಿದಳು.

"ನಿರ್ಣಯ ಆಗ್ಬೇಕಂತೆ. ಸಭೆ ಇಲ್ಲೇ ಸೇರೈತೆ. ಹೇಳಿ, ನಿಮ್ಮಮ್ಮನ ಸೇರು ನಿಮ್ಮ ಸೊಸೆಗೆ ಓಗ್ಬೇಕಾ, ಬೇಡ್ವಾ?"

ಶ್ರೀನಿವಾಸಪ್ಪ ನೆಂಟರನ್ನು ನೋಡಿದ, ಬೀಗರನ್ನು ನೋಡಿದ, ಎಲೆಅಡಿಕೆಯನ್ನು ಎಲ್ಲಿ ಉಗುಳಬೇಕೆಂದು ತಿಳಿಯದೆ ನುಂಗಿದ. ಆಮೇಲೆ ಚಲಪತಿಯ ಕಡೆಗೆ ಬಗ್ಗಿ, "ನಿಯಮದಾಗೆ ಏನೈತೆ?" ಎಂದು ಕೇಳಿದ. ಅಷ್ಟು ಅಧ್ಯಕ್ಷತೆಗಳಲ್ಲಿ ಅವನು ಕಲಿತದ್ದು ಆ ಒಂದು ವಾಕ್ಯ.

ಅನಸೂಯಮ್ಮ ಉತ್ತರಕ್ಕೆ ಕಾಯಲಿಲ್ಲ. ಕುಪ್ಪುಸ್ವಾಮಿಯ ಕೈಯಿಂದ ಬೀಗದ ಕೈ ತೆಗೆದುಕೊಂಡು ಒಳಗೆ ಹೋಗಿ, ಎಲ್ಲರ ಕಣ್ಣೆದುರಿಗೆ ಪೆಟ್ಟಿಗೆ ತೆರೆದು, ಸೇರನ್ನು ಮೊದಲು ಬಾಯಿ ಮೇಲಾಗಿ ತಿರುಗಿಸಿ, ಆಮೇಲೆ ಎತ್ತಿಕೊಂಡಳು.

"ವಸ್ತು ಹೊರಗೆ ಹೋಗುವುದಾದರೆ ಅದರ ಜವಾಬ್ದಾರಿಗೆ ನಾನೂ ಜತೆಯಲ್ಲಿ ಬರಬೇಕಾಗುತ್ತದೆ" ಎಂದು ಚಲಪತಿ ಅಡ್ಡ ಬಂದ.

"ಬನ್ನಿ. ಹೆಣ್ಣಿನ ಜತೆ ಕಳಸಗಿತ್ತಿ ಬರೋದು ವಾಡಿಕೆ" ಎಂದಳು.

ಹೀಗೆ ಚಲಪತಿ, ಮದುಮಗಳ ಚಿಕ್ಕಮ್ಮಂದಿರ ನಡುವೆ ಇಕ್ಕಟ್ಟಿನಲ್ಲಿ ಕೂತು, ಪಾಪಕ್ಕನ ಸೇರನ್ನು ಟವಲಿನಲ್ಲಿ ಸುತ್ತಿ ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು, ಹಳ್ಳಿಯವರೆಗೂ ಬಂದ. ದಾರಿಯುದ್ದಕ್ಕೂ ಪ್ರತಿ ಹಳ್ಳದಲ್ಲಿ ವ್ಯಾನು ಕುಲುಕಿದಾಗಲೂ ಅದನ್ನು ಎದೆಗೆ ಒತ್ತಿಕೊಳ್ಳುತ್ತಿದ್ದ. ಹಿಂದಿನ ಸೀಟಿನಿಂದ ಇಂದ್ರಾಣಿ, "ಆಲು ಕುಡಿಸ್ಬೇಕೇನೋ ನೋಡಿ ಸಾರ್" ಎಂದಳು.

ಮನೆಯ ಹೊಸ್ತಿಲ ಮೇಲೆ ಅನಸೂಯಮ್ಮ ಸೇರನ್ನಿಟ್ಟಳು. ಅಕ್ಕಿ ಸುರಿದಳು. ಅಂಗೈ ಎಳೆಯಲಿಲ್ಲ. ಗೋಪುರ ನಿಂತು, ಅಂಚಿನಿಂದ ಕಾಳು ತಾನಾಗಿ ಜಾರತೊಡಗಿದಾಗ ಕೈ ನಿಲ್ಲಿಸಿ ತುದಿಗೆ ಬೆಲ್ಲದಚ್ಚು ಇಟ್ಟಳು.

"ಅತ್ತೆ, ಮೆಲ್ಲಗೆ ಒದೀಬೇಕಾ, ಜೋರಾಗಾ?" ಎಂದು ಲಿಖಿತ ಕೇಳಿದಳು.

"ಕಾಲು ನಿಂದು, ಸಂಸಾರ ನಿಂದು."

"ಮೃದುವಾಗಿ ತಾಯಿ, ಮೃದುವಾಗಿ" ಎಂದ ಚಲಪತಿ.

ಲಿಖಿತ ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ ಎತ್ತಿಹಿಡಿದು ಒದ್ದಳು. ಅಕ್ಕಿ ಪಡಸಾಲೆಯ ಉದ್ದಕ್ಕೂ ಹರಡಿತು. ಸೇರು ಉರುಳಿ ಕಲ್ಲುಕಂಬಕ್ಕೆ ಬಡಿದ ಸದ್ದು ಬೀದಿಯವರೆಗೂ ಕೇಳಿಸಿತು. ಚಲಪತಿ ಕಣ್ಣು ಮುಚ್ಚಿಕೊಂಡ.

ಅನಸೂಯಮ್ಮ ಸೇರನ್ನೆತ್ತಿ ಅಂಚಿನ ಮೇಲೆ ಹೆಬ್ಬೆರಳಾಡಿಸಿದಳು. ಆಮೇಲೆ ಅದನ್ನು ಚಲಪತಿಯ ಮೂಗಿನ ಹತ್ತಿರ ಹಿಡಿದಳು. "ಕಣ್ಣು ಬಿಡಿ. ಇದು ನಮ್ಮತ್ತೆ. ಇದು ನಾನು. ಇದು ಈಗ ಒಳಗೆ ಬಂದೋಳು. ನೀವು ತಟ್ಟಿ ನುಣ್ಣಗೆ ಮಾಡ್ಸೋಕೆ ಹೊಂಟಿದ್ದು ಇವರನ್ನ."

ಚಲಪತಿ ನಾಚಿ ತಲೆ ತಗ್ಗಿಸುತ್ತಾನೆಂದು ಯಾರಾದರೂ ಭಾವಿಸಿದ್ದರೆ ಅವರಿಗೆ ಅಂಥವರ ಪರಿಚಯವಿಲ್ಲವೆಂದೇ ಹೇಳಬೇಕು. ಅವನ ಮುಖ ಅರಳಿತು. "ಅಮೋಘವಾದ ಸಂಶೋಧನೆ. ಇದರ ಬಗ್ಗೆ ನಾನೊಂದು ಉಪನ್ಯಾಸವನ್ನೇ ಕೊಡಬಹುದು" ಎಂದು ಜೇಬಿನಲ್ಲಿ ಪೆನ್ನು ತಡಕಾಡಿದ. ಶ್ರೀನಿವಾಸಪ್ಪನಂತೂ, "ಅಧ್ಯಕ್ಷತೆ ನಂದೇ ಇರ್ಲಿ" ಎಂದ.

ಸೇರು ರಾಗಿಯ ಡ್ರಮ್ಮಿಗೆ ಹಿಂತಿರುಗಿತು. ಇನ್ನು ಅದು ಅಲ್ಲಿಂದ ಅಲುಗುವುದಿಲ್ಲವೆಂದು ಮನೆಯವರೆಲ್ಲ ತಿಳಿದರು. ಅನಸೂಯಮ್ಮನೂ ಹಾಗೆಯೇ ತಿಳಿದಿದ್ದಳು, ಕುಪ್ಪುಸ್ವಾಮಿ ಬರುವವರೆಗೆ. ಮದುವೆಯ ಗದ್ದಲ ಇಳಿದಮೇಲೆ ಒಂದು ದಿನ ಅವನು ಬಸ್ಸಿಳಿದು ಬಂದು ಜಗುಲಿಯ ಮೇಲೆ ಕೂತ.

"ಕೆಳವಿಯರು ಬಂದಿದ್ರಕ್ಕಾ. ಖಾಲಿ ಪೆಟ್ಟಿಗೆ ನೋಡಿ ನನ್ನ ಬೈದ್ರು. ಕದ್ದೋಗಿಲ್ಲ, ಮದ್ವೆಗೆ ಓಗೈತೆ ಅಂದೆ. ನಕ್ಕೊಂಡು, ಯಾವಾಗ ವಾಪಸ್ ಬತ್ತೈತೆ ಅಂತ ಕೇಳಿದ್ರು."

"ನೀನೇನಂದೆ?"

"ಊಟ ಅರಗಿದ್ಮೇಲೆ ಅಂದೆ."

ಅನಸೂಯಮ್ಮ ಅವನಿಗೆ ಕಾಫಿ ಕೊಟ್ಟು, ತಾನು ಬಹಳ ಹೊತ್ತು ಡ್ರಮ್ಮಿನ ಪಕ್ಕದಲ್ಲಿ ನಿಂತಳು. ಡ್ರಮ್ಮಿನ ಕತ್ತಲಲ್ಲಿ ಸೇರನ್ನು ತಾನೊಬ್ಬಳೇ ನೋಡುತ್ತಿದ್ದಳು. ಅಲ್ಲಿ, ಆ ದರಿದ್ರದ ಕೋಣೆಯಲ್ಲಿ, ಪಾಪಕ್ಕನ ಹೆಸರು ಹಿಡಿದು ಕೇಳುವವರಿದ್ದರು. ಆ ಮುದುಕಿಯರಿಗೆ ಹೋಗಲು ಬೇರೆ ಜಾಗವಿರಲಿಲ್ಲ. ಪಾಪಕ್ಕ ಅಳೆಯುತ್ತಿದ್ದದ್ದು ಅವರಿಗೇ ಹೊರತು ಡ್ರಮ್ಮಿಗಲ್ಲ. ಈ ನ್ಯಾಯವನ್ನು ಒಪ್ಪಿಕೊಳ್ಳುವುದು ಆಕೆಗೆ ಸುಲಭವಾಗಲಿಲ್ಲ. ಅದರಿಂದ ಗಂಡನಿಗೆ ಸಂತೋಷವಾಗುತ್ತದೆಂಬುದನ್ನು ಸಹಿಸುವುದಂತೂ ಇನ್ನೂ ಕಷ್ಟವಾಗಿತ್ತು. ಆದರೂ ಹೊರಟಳು. ಸೇರಿನ ತಳದಲ್ಲಿ ಒಂದು ಹಿಡಿ ರಾಗಿ ಹಾಕಿ, ಲಿಖಿತಳ ಕೈಯಲ್ಲಿ ಹಿಡಿಸಿಕೊಂಡು ಹೋದಳು.

"ಕೊಟ್ಟಿಲ್ಲ. ಇಟ್ಟಿದೀನಿ" ಎಂದಳು ಚಲಪತಿಗೆ. "ಮನೆಗೆ ಸೊಸೆ ಬರುವಾಗ ಬಂದು ತಗೊಂಡೋಗ್ತೀನಿ. ಬಾಯಿ ಮೇಲಿರ್ಬೇಕು. ಸುತ್ತಿಗೆ ಮುಟ್ಟಬಾರ್ದು."

"ಧಾನ್ಯ ಇಟ್ಟರೆ ಹುಳು ಬೀಳುತ್ತದೆ ತಾಯಿ. ನಿಯಮ..."

"ಉಳ ಬೀಳೋದು ಯಾರೂ ಮುಟ್ಟದ ಕಾಳಿಗೆ. ವಾರಕ್ಕೊಂದ್ಸಲ ಬಂದು ಬದಲಾಯಿಸ್ತೀನಿ."

ಚಲಪತಿ ಆಗಲೇ ಹೊಸ ಚೀಟಿ ಅಚ್ಚು ಮಾಡಿಸಿದ್ದ. ಅದು "ಮಾನ್ಯ ಅಧ್ಯಕ್ಷರ ಮಾತೃಶ್ರೀಯವರು" ಎಂದು ಶುರುವಾಗುತ್ತಿತ್ತು. ಅನಸೂಯಮ್ಮ ಅಷ್ಟನ್ನೇ ಓದಿ, ಚೀಟಿಯನ್ನು ಎರಡು ಮಾಡಿ ಹಿಂದಕ್ಕೆ ಕೊಟ್ಟಳು. "ಅವ್ರು ನಮ್ಮತ್ತೆ ಮಗ ಆಗಿದ್ದು ನಮ್ಮತ್ತೆ ತಪ್ಪಲ್ಲ. ಅದನ್ನ ಗಾಜಿನ ಪೆಟ್ಟಿಗೇಲಿ ಬರ್ದು ಇಡ್ಬೇಡಿ." ದಪ್ಪ ಕಾಗದವೊಂದನ್ನು ಕೇಳಿ ಪಡೆದು, ಸಂಜೆಯ ತರಗತಿಯಲ್ಲಿ ಕಲಿತ ದುಂಡು ಅಕ್ಷರಗಳಲ್ಲಿ ತಾನೇ ಬರೆದಳು. "ಪಾಪಕ್ಕನ ಸೇರು. ನಂದಿದುರ್ಗದ ಲೈನುಗಳಲ್ಲಿ ಅಳೆಯಿತು. ಅಂಚು ನಗ್ಗಿದೆ, ಹಾಗೆಯೇ ಇರತಕ್ಕದ್ದು. ಮದುವೆಗಳಿಗೆ ಹೋಗಿಬರುತ್ತದೆ."

ಆಮೇಲೆ ನಾಯಿಯ ಬಟ್ಟಲನ್ನು ಎತ್ತರದ ಪೀಠದಿಂದ ಇಳಿಸಿ ಕಿಟಕಿಯಲ್ಲಿಟ್ಟು, ಆ ಜಾಗದಲ್ಲಿ ಸೇರನ್ನಿಟ್ಟಳು. ಚಲಪತಿ ಬಾಯಿ ತೆರೆದು, ಲಿಖಿತಳ ಕಾಲಿನ ಕಡೆ ಒಮ್ಮೆ ನೋಡಿ, ಮುಚ್ಚಿಕೊಂಡ.

ದಾನಿಗಳ ಬೋರ್ಡಿನಲ್ಲಿ ಶ್ರೀನಿವಾಸಪ್ಪನ ಹೆಸರು ಈಗಲೂ ಮೊದಲನೆಯದು. ಅದನ್ನು ಅಳಿಸುವಷ್ಟು ಮಹತ್ವವನ್ನು ಅನಸೂಯಮ್ಮ ಅದಕ್ಕೆ ಕೊಟ್ಟಿಲ್ಲ. ವಾರಕ್ಕೊಮ್ಮೆ ಹಾಲು ಹಾಕಿದ ಮೇಲೆ ಸೆರಗಿನಲ್ಲಿ ಒಂದು ಹಿಡಿ ರಾಗಿ ಗಂಟು ಹಾಕಿಕೊಂಡು ಬಸ್ಸು ಹತ್ತುತ್ತಾಳೆ. ದೊರೆಗಳ ಕಡೆ ತಿರುಗದೆ ನೇರವಾಗಿ ಸೇರಿನ ಹತ್ತಿರ ಹೋಗಿ ಹಳೆಯ ಕಾಳು ತೆಗೆದು ಹೊಸದನ್ನು ಹಾಕುತ್ತಾಳೆ. ಲೈನಿನ ಮುದುಕಿಯರು ಬಂದಿದ್ದರೆ ಅವರ ಜತೆ ನೆಲದ ಮೇಲೆ ಕೂರುತ್ತಾಳೆ. ತೆಗೆದ ಕಾಳನ್ನು ಕುಪ್ಪುಸ್ವಾಮಿ ದೊರೆಯ ನಾಯಿಯ ಬಟ್ಟಲಿಗೆ ಸುರಿದುಕೊಂಡು ಹಿಂದಿನ ಅಂಗಳಕ್ಕೆ ಹೋಗಿ ಗುಬ್ಬಚ್ಚಿಗಳಿಗೆ ಹಾಕುತ್ತಾನೆ. ಆ ಬಟ್ಟಲು ಈ ಊರಿನ ಕೆಲಸಕ್ಕೆ ಬಂದದ್ದು ಅದೇ ಮೊದಲು.